ಚೌಕುಳಿ ವಹಿಯ ಕಳವು

ಕಡಲೆ ಕೀಳುವ ಹಂಗಾಮು. ಬಿಸಿಲೇರಿದರೆ ಗಿಡ ಗರಿಗರಿಯಾಗಿ ಕಾಯಿ ಉದುರುತ್ತವೆಂದು ನವಲಗುಂದದ ಎರಿ ಹೊಲಗಳಲ್ಲಿ ಜನ ಬೆಳಕು ಹರಿಯುವ ಮೊದಲೇ ಸಾಲು ಹಿಡಿದಿದ್ದರು. ಮಂಜಿನಲ್ಲಿ ನೆಂದ ಗಿಡದ ಹುಳಿ ಕೈಗೆ ಹತ್ತಿ ಬೆರಳ ಸಂದಿಗಳು ಉರಿಯುತ್ತಿದ್ದವು. ಜಮಾದಾರ ಗೂಳಪ್ಪ ಒಂದು ದಿನದ ರಜೆ ಹಾಕಿ ತನ್ನ ಎರಡೆಕರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೀಳುತ್ತಿದ್ದ. ಹೆಂಡತಿ ಅನ್ನವ್ವ ಅವನಿಗಿಂತ ಹತ್ತು ಮಾರು ಮುಂದಿದ್ದಳು. ಪೊಲೀಸ ಕೆಲಸದಲ್ಲಿ ಇಪ್ಪತ್ತಾರು ವರ್ಷ ಸವೆಸಿದರೂ ಅವನ ಕೈ ಹೊಲದ ಕೈಯೇ. ನಿಧಾನ; ಆದರೆ ಹಿಂದೆ ಒಂದು ಗಿಡ ಉಳಿಯುತ್ತಿರಲಿಲ್ಲ.

ಒಂಬತ್ತರ ಸುಮಾರಿಗೆ ಬದುವಿನ ಮೇಲೆ ಸೈಕಲ್ಲು ನಿಂತಿತು. ಜಮಖಾನ ನೇಯುವ ಹೆಂಗಸರ ಸಂಘದ ಸಿಪಾಯಿ ಹೊಳೆಪ್ಪ. ಏದುಸಿರು ಬಿಡುತ್ತ ಬಂದವನು ಒಂದೇ ಮಾತು ಹೇಳಿದ.

“ಕಪಾಟ ಕೀಲಿ ಹಾಕಿದ್ದು ಹಾಕಿದಂಗ ಐತ್ರಿ. ಒಳಗ ವಹಿ ಇಲ್ಲ.”

“ಎಂಥಾ ವಹಿ?”

“ಇಂಜಿನೇರ ಸಾಹೇಬ್ರದು. ಚೌಕುಳಿ ವಹಿ. ಫೌಜದಾರ್ರು ನಿಮ್ಮನ್ನ ಈಗಿಂದೀಗ ಕರದಾರ.”

ವಹಿ ಕಳೆದರೆ ಸಾಲಿ ಮಾಸ್ತರನನ್ನು ಕರೆಯಬೇಕು, ಪೊಲೀಸರ ಕೆಲಸ ಅಲ್ಲೇನೈತಿ ಎಂದು ಅನ್ನವ್ವ ತಲೆ ಎತ್ತದೆ ಗೊಣಗಿದಳು. ಗೂಳಪ್ಪ ಕೈಯನ್ನು ಮಣ್ಣಿನಲ್ಲಿ ತಿಕ್ಕಿಕೊಂಡು ಎದ್ದ.

ಎಂಬತ್ತೆಂಟನೆಯ ಇಸವಿಯ ಫೆಬ್ರವರಿ ಅದು. ಸಂಘದ ಆಫೀಸೆಂದರೆ ಕಲ್ಲಿನ ಒಂದೇ ಕೋಣೆ. ಒಂದು ಮೇಜು, ಒಂದು ಫೋನು, ಗೋಡೆಗೆ ಹತ್ತಿದ ಕಬ್ಬಿಣದ ಕಪಾಟು. ನೇಯುವವರೆಲ್ಲ ಓಣಿಯ ಮುಸಲ್ಮಾನ ಹೆಂಗಸರಾದರೂ ಅಧ್ಯಕ್ಷನಾದವನು ಅರಳೆಯ ವ್ಯಾಪಾರದ ಶಂಕ್ರಪ್ಪ. ಹೊಲ ಬೇಕಾದಷ್ಟು, ಮಾತು ಅದಕ್ಕಿಂತ ಹೆಚ್ಚು. ಅವನ ಎದುರಿನ ಸ್ಟೂಲಿನ ಮೇಲೆ ಹುಬ್ಬಳ್ಳಿಯ ಕಂಪನಿಯ ಇಂಜಿನಿಯರ ಪಂಢರಿನಾಥ ಹೆಗಲ ಚೀಲವನ್ನು ತೊಡೆಯ ಮೇಲೆ ಅವಚಿಕೊಂಡು ಕುಳಿತಿದ್ದ. ಇಪ್ಪತ್ತೆಂಟರ ಹುಡುಗ. ಮುಖ ಸುಣ್ಣದಂತಾಗಿತ್ತು.

ಗೂಳಪ್ಪ ಮೊದಲು ಕಪಾಟು ನೋಡಿದ. ಕೀಲಿಗೆ ಗೀರು ಕೂಡ ಇರಲಿಲ್ಲ. ಕೀಲಿಕೈ ಎರಡು. ಒಂದು ಶಂಕ್ರಪ್ಪನ ಹತ್ತಿರ, ಒಂದು ಪಂಢರಿನಾಥನ ಹತ್ತಿರ. ಶನಿವಾರ ಸಂಜೆ ಶಂಕ್ರಪ್ಪನ ಕೀಲಿಕೈ ತಂದು ಹೊಳೆಪ್ಪ ಕಪಾಟು ತೆಗೆದಿದ್ದ. ಖೈರುನಬಿ ಎಂಬ ನೇಕಾರ ಹೆಂಗಸು ಅರಿವೆಯ ಗಂಟೊಂದನ್ನು ತಂದು ಕೊಟ್ಟಿದ್ದಳು. ಅವನು ಅದನ್ನು ಒಳಗಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಶಂಕ್ರಪ್ಪನಿಗೆ ತಿರುಗಿ ಮುಟ್ಟಿಸಿದ್ದ. ಐತವಾರ ಆಫೀಸಿಗೆ ರಜೆ. ಇಂದು ಮುಂಜಾನೆ ಎಂಟರ ಬಸ್ಸಿಗೆ ಬಂದ ಪಂಢರಿನಾಥ ತನ್ನ ಕೀಲಿಕೈಯಿಂದ ಕಪಾಟು ತೆಗೆದು, ಅಂಗಳ ಕಸ ಹೊಡೆಯುತ್ತಿದ್ದ ಹೊಳೆಪ್ಪನನ್ನು ಕೂಗಿದ್ದ. ಗಂಟು ಅಲ್ಲೇ ಇತ್ತು. ಬಿಚ್ಚಿದರೆ ಒಳಗೆ ಎರಡು ರಟ್ಟಿನ ತುಂಡು. ಫೌಜದಾರನಿಗೆ ಫೋನು ಮಾಡಿ ಫಿರ್ಯಾದು ಕೊಟ್ಟವನೂ ಪಂಢರಿನಾಥನೇ.

“ಗಂಟಿನ್ಯಾಗ ವಹಿ ಇದ್ದದ್ದು ನೀ ಕಣ್ಣಾರೆ ನೋಡಿದೇನು?” ಗೂಳಪ್ಪ ಹೊಳೆಪ್ಪನನ್ನು ಕೇಳಿದ.

“ಇಲ್ರಿ. ಗಂಟು ನೋಡೀನಿ.”

“ತಿಳೀತಲ್ಲ?” ಶಂಕ್ರಪ್ಪ ಕೈ ಝಾಡಿಸಿದ. “ವಹಿ ಆಕೀ ಮನಿ ಬಿಟ್ಟ ಬಂದಿಲ್ಲ. ರಟ್ಟು ಕಟ್ಟಿ ಕೊಟ್ಟಾಳ.”

ಅದಕ್ಕೊಂದು ಕಾರಣವೂ ಇತ್ತು. ಶನಿವಾರ ಮಧ್ಯಾಹ್ನ ಇದೇ ಕೋಣೆಯಲ್ಲಿ ಖೈರುನಬಿ ಮತ್ತು ಪಂಢರಿನಾಥರ ನಡುವೆ ಮಾತಿಗೆ ಮಾತು ಬೆಳೆದಿತ್ತು. ವಹಿಯ ಮೊದಲ ಹಾಳೆಯ ಮೇಲೆ ತನ್ನ ಹೆಸರು ಹಾಕಬೇಕೆಂದು ಅವಳು ಕೇಳಿದ್ದಳಂತೆ. ಕಂಪನಿಯನ್ನು ಕೇಳಿ ನೋಡುತ್ತೇನೆ ಎಂದು ಇವನು. ಕೇಳಿ ನೋಡುವತನಕ ವಹಿ ತನ್ನ ಮನೆಯಲ್ಲೇ ಇರುತ್ತದೆ ಎಂದು ಅವಳು. ಓಣಿಯವರೆಲ್ಲ ಕೇಳಿದ ಮಾತು.

ಗೂಳಪ್ಪ ಪಂಢರಿನಾಥನ ಎದುರು ಕುಳಿತ.

“ಅಂಥಾದ್ದು ಏನಿತ್ರಿ ಆ ವಹಿಯಾಗ?”

ಹುಡುಗನ ದನಿ ಅಲ್ಲಿ ಮಾತ್ರ ತುಸು ಗಟ್ಟಿಯಾಯಿತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದು ಅವನಿಗೆ ಕಂಪನಿ ಒಪ್ಪಿಸಿದ ಕೆಲಸ. ಊರಿನ ಮೊದಲ ಕಂಪ್ಯೂಟರು ಸಂಘಕ್ಕೇ ಬರುವುದಿದ್ದರಿಂದ ನಾಲ್ಕು ತಿಂಗಳಿಂದ ಇದೇ ಕೋಣೆಯಲ್ಲಿ, ವಹಿಯ ಚೌಕುಳಿಗಳೊಳಗೆ, ಒಂದೊಂದು ಅಕ್ಷರದ ರೂಪ ಮತ್ತು ನಂಬರು ಇಳಿಯುತ್ತಿದ್ದವು. ಅವನ ಗುರು ಎಂದರೆ ಒಂದು ಪುಸ್ತಕ: ಕೊರಿಯಾದಿಂದ ತರಿಸಿದ ಯಂತ್ರದ ಜೊತೆ ಬಂದದ್ದು. ಕೊರಿಯಾದವರ ಒಂದೊಂದು ಅಕ್ಷರವೂ ಒಂದೊಂದು ಚೌಕದ ಮನೆಯಂತೆ. ಒಳಗೆ ಮೊದಲೊಂದು ವ್ಯಂಜನ, ಅದರ ಮಗ್ಗುಲಿಗೋ ಕೆಳಗೋ ಸ್ವರ, ಬೇಕಿದ್ದರೆ ತಳದಲ್ಲಿ ಇನ್ನೊಂದು ವ್ಯಂಜನ. ಯಂತ್ರಕ್ಕೆ ಅಕ್ಷರ ತಿಳಿಯುವುದಿಲ್ಲ, ಅಂಕಿ ಮಾತ್ರ ತಿಳಿಯುತ್ತದೆ. ಹಾಗಾಗಿ ಎರಡು ದಾರಿ. ಇಡೀ ಮನೆಗೊಂದರಂತೆ ನಂಬರು ಕೊಡುವುದು ಮೊದಲನೆಯದು. ಹಾಗೆ ಹೊರಟರೆ ಹನ್ನೊಂದು ಸಾವಿರದ ಮೇಲೆ ಮನೆಗಳಾಗುತ್ತವೆ. ಹೋದ ವರ್ಷ ಅವರ ಸರಕಾರ ದಿನಬಳಕೆಯ ಎರಡು ಸಾವಿರದ ಮುನ್ನೂರೈವತ್ತು ಮನೆಗಳನ್ನಷ್ಟೇ ಆರಿಸಿ ನಂಬರು ಕೊಟ್ಟಿತ್ತು. ಉಳಿದವಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

“ಮತ್ತ ಎರಡನೇದು?”

“ಮನಿಗಲ್ರಿ, ಮನಿಯೊಳಗಿನ ಮಂದಿಗೆ ನಂಬರು. ಊಟದ ಪಂಕ್ತಿ ಅಂತ ತಿಳೀರಿ. ಮೂರು ಪಂಕ್ತಿ, ಪಂಕ್ತಿಗೆ ಮೂವತ್ತೆರಡು ಎಲಿ. ಒಂದೊಂದು ಪಂಕ್ತಿಯಿಂದ ಒಬ್ಬೊಬ್ಬರನ್ನ ಕರದ್ರ ಒಂದು ಅಕ್ಷರ ಆಗ್ತದ. ಕನ್ನಡಕ್ಕೂ ಇದ ಸರಿ. ಮೂಲ ಅಕ್ಷರದ್ದೊಂದು ಪಂಕ್ತಿ, ಸ್ವರದ್ದೊಂದು, ಒತ್ತಿನದೊಂದು.”

“ಎಲ್ಲಾರೂ ಹಿಡಿಸಿದ್ರೇನು?”

ಪಂಢರಿನಾಥ ನಿಟ್ಟುಸಿರಿಟ್ಟ. ಅಲ್ಲೇ ತೊಡಕು. ಎಲೆ ಮೂವತ್ತೆರಡು, ಕನ್ನಡದ ವ್ಯಂಜನ ಮೂವತ್ತನಾಲ್ಕು. ಙ ಮತ್ತು ಞ ಹೊರಗೆ ಉಳಿದವು. ಙ ಹೋದರೆ ಹೋಗಲಿ. ಞ ಬಿಟ್ಟರೆ ‘ಜ್ಞಾನ’ ಎಂದು ಬರೆಯಲಿಕ್ಕೂ ಬರುವುದಿಲ್ಲ. ಹದಿನೈದು ದಿನದಿಂದ ಅದೇ ಚಿಂತೆ. ಶನಿವಾರ ಜಗಳವಾದ ಮೇಲೆ ಖೈರುನಬಿ ಆ ಎರಡನ್ನೂ ಸೇರಿಸಿಕೊಂಡು ಬರುತ್ತೇನೆಂದು ವಹಿ ಒಯ್ದಿದ್ದಳು. ತಾನು ಎರಡರ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ, ಆ ಕೊನೆಯ ಹಾಳೆಯನ್ನು ಕಣ್ಣಿಂದ ನೋಡಿಲ್ಲ ಎಂದ.

“ಅಂದ್ರ ಅಕ್ಷರಾ ತೆಗದಾಕಿ ಆಕೀನ?”

ಪಂಢರಿನಾಥ ಹೇಳಿದ: “ನಾ ಹೇಳ್ತಿದ್ದೆ. ಆಕಿ ಚೌಕುಳಿ ತುಂಬತಿದ್ಲು.”

ಶಂಕ್ರಪ್ಪ ನಕ್ಕ. “ತನ್ನ ಹೆಸರು ಓದಾಕ ಬರದಾಕಿ ಅಕ್ಷರಾ ಏನ ತಗೀತಾಳ ಬಿಡೋ.”

ಖೈರುನಬಿಯ ಮನೆ ಓಣಿಯ ಕೊನೆಯಲ್ಲಿತ್ತು. ಅವಳು ಗೂಳಪ್ಪನನ್ನು ಹೊರಗಿನ ಕಟ್ಟೆಯ ಮೇಲೆಯೇ ಕೂಡಿಸಿದಳು. ಒಳಬಾಗಿಲಿಗೆ ದಪ್ಪ ಪರದೆ. ಅದರ ಹಿಂದೆ ಯಾರೋ ಪಂಜವೆಂಬ ಹಣಿಗೆಯಿಂದ ನೂಲು ಬಡಿಯುತ್ತಿದ್ದ ಸಪ್ಪಳ. ಅದು ಸೊಸೆ ರೇಷ್ಮಾಬಿ. ಮಗ್ಗದ ಕೋಣೆಗೆ ಹೊರಗಿನವರನ್ನು ಬಿಡುವ ರೂಢಿ ಆ ಮನೆಯಲ್ಲಿಲ್ಲ. ಕೊಟ್ಟ ಮನೆಗೆ ಕಸುಬು ಹೋಗುತ್ತದೆಂದು ಹೆತ್ತ ಮಗಳಿಗೂ ಕಲಿಸದೆ ಸೊಸೆಗೆ ಮಾತ್ರ ಕಲಿಸುವವರು ಅವರು. ಗೂಳಪ್ಪ ಹುಟ್ಟಿದ್ದು ಇದೇ ಊರಲ್ಲಾದರೂ ಜಮಖಾನದ ಮೇಲೆ ಮಲಗಿದ್ದನೇ ಹೊರತು ನೇಯುವುದನ್ನು ಒಮ್ಮೆಯೂ ನೋಡಿರಲಿಲ್ಲ.

ಖೈರುನಬಿ ನಲವತ್ತೈದರ ಒಣಕಲು ಹೆಂಗಸು. ಗಂಡ ಸತ್ತು ಆರು ವರ್ಷ. ಮಗ ಗೋವಾದ ಕಡೆ ಲಾರಿಯ ಮೇಲೆ. ಮನೆ ನಡೆಯುವುದು ಮಗ್ಗದಿಂದ, ಮಗ್ಗ ಸಂಘದ್ದು.

“ವಹಿ ಎಲ್ಲೈತಿ?”

“ಗಂಟ ಕಟ್ಟಿ ಹೊಳೆಪ್ಪನ ಕೈಯಾಗ ಕೊಟ್ಟೀನ್ರಿ.”

“ಮನಿಯಾಗ ಇಟ್ಟುಕೊಳ್ತೀನಿ ಅಂದಿದ್ದಿ?”

“ಅಂದಿದ್ದೆ. ಆಮ್ಯಾಲ ಮನಸ್ಸು ತಡೀಲಿಲ್ಲ. ಹುಡುಗ ನನ್ನ ಆಪಾ, ಅಕ್ಕಾ ಅಂತಾನ, ಇಲ್ಲೇ ಉಂಡಾನ. ಅವನ ನೌಕರಿ ಕಾಯಂ ಆಗೂದೈತಿ, ಯಾಕ ಅಡ್ಡ ಬರಲಿ ಅಂದೆ.”

“ಓದಾಕ ಬರಂಗಿಲ್ಲ. ಹಾಂಗಾರ ಅಕ್ಷರಾ ಹ್ಯಾಂಗ ತಗದಿ?”

ಅವಳು ಅವನ ಮುಖ ನೋಡಿದಳು.

“ನವಿಲೂ ಓದಾಕ ಬರಂಗಿಲ್ರಿ ನನಗ. ನೇಯತೀನಿ.”

ಅವಳು ಹೇಳಿದ್ದಿಷ್ಟು. ಮೊದಲು ಪಂಢರಿಯೇ ಇಪ್ಪತ್ತನಾಲ್ಕು ಚೌಕುಳಿ ಉದ್ದ, ಇಪ್ಪತ್ತನಾಲ್ಕು ಚೌಕುಳಿ ಅಗಲದಲ್ಲಿ ಒಂದೊಂದೇ ಅಕ್ಷರ ತುಂಬುತ್ತಿದ್ದ. ಬಳುಕಬೇಕಾದ ಕಡೆ ಮೆಟ್ಟಿಲಾಗುತ್ತಿತ್ತು. ಸಂಘಕ್ಕೆ ಜಮಖಾನ ಕೊಡಲು ಹೋದಾಗ ಅವಳು ನಿಂತು ನೋಡಿ, ಇದರ ಸೊಂಟ ದಪ್ಪಾತು ಎಂದಿದ್ದಳು. ಅವನು ನಗದೆ ಪೆನ್ಸಿಲು ಕೊಟ್ಟ. ನಾಲ್ಕು ತಿಂಗಳಲ್ಲಿ ಅಕ್ಷರ, ಕಾಗುಣಿತದ ಚಿಹ್ನೆ, ಒತ್ತು ಎಲ್ಲ ಸೇರಿ ನೂರಕ್ಕೂ ಹೆಚ್ಚು ತುಂಡುಗಳನ್ನು ಅವಳು ತುಂಬಿದ್ದಳು. ಅವುಗಳ ಉಚ್ಚಾರ ಅವಳಿಗೆ ಗೊತ್ತಿರಲಿಲ್ಲ. ಎಲೆಯ ನಂಬರಿನಿಂದ ಗುರುತಿಸುತ್ತಿದ್ದಳು. ಜಮಖಾನಕ್ಕೆ ಹಾಕುವ ತನ್ನ ಮನೆಯ ಗುರುತನ್ನು ಹಾಳೆ ಹಾಳೆಯ ಮೂಲೆಯಲ್ಲೂ ಹಾಕಿದ್ದಳು.

“ಜಾಗ ಸಿಗದ ಆ ಎರಡನ್ನ ಏನ ಮಾಡಿದಿ?”

“ಸ್ವರದ ಪಂಕ್ತಿಯಾಗ ಅರ್ಧಾ ಎಲಿ ಖಾಲೀನ ಅದಾವಲ್ರಿ. ಅಲ್ಲಿ ಕುಂಡ್ರಿಸಿದೆ. ಅಗದಿ ಕಡೀ ಎರಡು ಎಲಿಗೆ.”

“ಕಡೀಗೆ ಯಾಕ? ಸ್ವರಾ ಮುಗದ ಕೂಡಲೇ ಕುಂಡ್ರಿಸಬಾರದೇನು?”

“ನಾವು ಅಂಚು ಮೊದಲ ಕಟ್ಟತೀವ್ರಿ. ನಡೂ ಆಮ್ಯಾಲ ತುಂಬೂದು.” ಆ ಹಾಳೆಯನ್ನು ಮುಗಿಸಿದ್ದು ಶನಿವಾರ ಹೊತ್ತು ಮುಳುಗುವಾಗ. ಸೊಸೆಯ ಹೊರತು ಯಾರೂ ನೋಡಿಲ್ಲ ಎಂದಳು.

ಗೂಳಪ್ಪ ಹೊರಡುವಾಗ ಶಂಕ್ರಪ್ಪ ಓಣಿಯಲ್ಲೇ ಎದುರಾದ. ಗುರುವಾರ ಕಂಪನಿಯ ಸಾಹೇಬರು ಬರುತ್ತಾರೆ. ಅಷ್ಟರೊಳಗೆ ವಹಿ ಬರದಿದ್ದರೆ ಸಂಘದ ಮಗ್ಗ ಸಂಘಕ್ಕೆ ಎಂದು ಖೈರುನಬಿಗೆ ಕೇಳುವಂತೆ ಹೇಳಿ ಹೋದ. ಪರದೆಯ ಹಿಂದಿನ ಪಂಜದ ಸಪ್ಪಳ ನಿಂತಿತು.

ಮೂರು ದಿನ ಗೂಳಪ್ಪ ತನ್ನ ಹೊಲದ ಪದ್ಧತಿಯಲ್ಲೇ ಸಾಲು ಹಿಡಿದು ಹುಡುಕಿದ. ಖೈರುನಬಿಯ ಮೈದುನ ಹಜರತಅಲಿಯದು ರದ್ದಿ ಕಾಗದದ ಅಂಗಡಿ. ಅಲ್ಲಿಯ ಮೂಟೆಗಳನ್ನೆಲ್ಲ ಬಿಚ್ಚಿಸಿದ. ಸಾಲೆಯ ಹಳೆಯ ವಹಿಗಳು, ಲಗ್ನಪತ್ರಿಕೆಗಳು. ಚೌಕುಳಿ ಹಾಳೆ ಒಂದೂ ಇಲ್ಲ. ಐತವಾರ ಕೀಲಿಕೈ ಎಲ್ಲಿತ್ತೆಂದು ಶಂಕ್ರಪ್ಪನನ್ನು ಕೇಳಿದ. ಐತವಾರವಿಡೀ ಅವನು ಬೀಗರ ಮನೆಯ ಕಾರ್ಯಕ್ಕೆ ಅಣ್ಣಿಗೇರಿಯಲ್ಲಿದ್ದ. ಕೀಲಿಕೈ ಅವನ ಉಡಿದಾರದಲ್ಲೇ ಇತ್ತು. ಕಂಡವರು ಇಪ್ಪತ್ತು ಜನ. ಹೊಳೆಪ್ಪನನ್ನು ಎರಡು ಸಲ ಕೂಡಿಸಿ ಕೇಳಿದ. ಅವನು ಎರಡು ಸಲವೂ ಅದನ್ನೇ ಹೇಳಿದ, ಒಂದು ಮಾತು ಹೆಚ್ಚಿಗೆ ಸೇರಿಸಿ.

“ಗಂಟು ಭಾರ ಇತ್ರಿ. ರಟ್ಟಿನಷ್ಟು ಹಗರ ಇರಲಿಲ್ಲ.”

“ಮೊದಲ ಯಾಕ ಹೇಳಲಿಲ್ಲಲೇ?”

“ನೀವು ನೋಡಿದೇನು ಅಂತ ಕೇಳಿದ್ರಿ. ಭಾರ ಕಣ್ಣಿಗೆ ಹ್ಯಾಂಗ ಕಾಣಬೇಕ್ರಿ?”

ಹಾಗಾದರೆ ವಹಿ ಕಪಾಟಿನೊಳಗೆ ಬಂದಿತ್ತು. ಕಪಾಟಿನಿಂದಲೇ ಹೋಗಿತ್ತು. ಆದರೆ ಒಬ್ಬ ಸಿಪಾಯಿಯ ಅಂಗೈ ಅಂದಾಜನ್ನು ಯಾವ ಅಧ್ಯಕ್ಷ ಒಪ್ಪುತ್ತಾನೆ?

ಗುರುವಾರ ಹನ್ನೊಂದಕ್ಕೆ ಜೀಪಿನಲ್ಲಿ ಇಬ್ಬರು ಸಾಹೇಬರು ಬಂದರು. ಜೊತೆಗೆ ಯಂತ್ರವೂ ಬಂತು. ಸಂಘದ ಮೇಜಿನ ಮೇಲೆ ಅದನ್ನಿಟ್ಟು ಪಂಢರಿನಾಥ ತಗ್ಗಿದ ದನಿಯಲ್ಲಿ ಹೇಳಿದ: ವಹಿ ಕಳೆದದ್ದು ನಿಜ, ಆದರೆ ಊಟ ನಿದ್ದೆ ಬಿಟ್ಟು ಮೂರು ದಿನದಲ್ಲಿ ಎಲ್ಲ ಅಕ್ಷರಗಳನ್ನೂ ತಾನು ಹೊಸದಾಗಿ ಮಾಡಿದ್ದೇನೆ. ಹಸಿರು ಪರದೆಯ ಮೇಲೆ ಕನ್ನಡ ಮೂಡಿತು. ಪ್ರಿಂಟರು ಕಿರ್ರೆಂದು ಕಾಗದ ಉಗುಳಿತು. ಊರಿನ ಹೆಸರು, ತಾಲೂಕಿನ ಹೆಸರು, ಶಂಕ್ರಪ್ಪನ ಪೂರ್ತಿ ಹೆಸರು. ಕೊನೆಗೆ ದೊಡ್ಡದಾಗಿ ‘ವಿಜ್ಞಾನ’. ಸಾಹೇಬರು ಪಂಢರಿನಾಥನ ಬೆನ್ನು ತಟ್ಟಿದರು. ಮುಂದಿನ ತಿಂಗಳಿಂದ ನೀ ಕಾಯಂ ಎಂದು ಎಲ್ಲರೆದುರಿಗೆ ಹೇಳಿ ಊಟಕ್ಕೂ ನಿಲ್ಲದೆ ಜೀಪು ಹತ್ತಿದರು.

ಬಾಗಿಲಲ್ಲಿ ನಿಂತಿದ್ದ ಗೂಳಪ್ಪ ಒಂದು ಹಾಳೆ ಎತ್ತಿಕೊಂಡ. ಊರಿನ ಹೆಸರಿನಲ್ಲಿದ್ದ ‘ಗ’ದ ಎರಡೂ ಕಾಲುಗಳಿಗೆ ಮುಳ್ಳು ಎದ್ದಂತೆ ಅಲ್ಲಲ್ಲಿ ಒಂದೊಂದು ಚುಕ್ಕೆ ಹೊರಗೆ ಚಾಚಿತ್ತು.

“ಇದೇನ್ರಿ, ಗೀರು?”

“ಪ್ರಿಂಟರಿನ ಪಿನ್ನು ಸವದದ್ರಿ,” ಎಂದ ಪಂಢರಿನಾಥ. ಅಕ್ಷರಗಳ ನಂಬರಿನ ಪಟ್ಟಿಯನ್ನೂ ಒಂದು ಪ್ರತಿ ತೆಗೆದು, ನೆನಪಿಗೆ ಇರಲಿ ಎಂದು ಕೊಟ್ಟ. ಗೂಳಪ್ಪ ಎರಡನ್ನೂ ಮಡಚಿ ಕಿಸೆಗೆ ಹಾಕಿಕೊಂಡ.

ಮಧ್ಯಾಹ್ನ ಮೂರಕ್ಕೆ ಶಂಕ್ರಪ್ಪನ ಆಳುಗಳು ಓಣಿಗೆ ನಡೆದರು. ವಹಿ ಬಂದಿರಲಿಲ್ಲ, ಕೊಟ್ಟ ಮಾತಿನಂತೆ ಮಗ್ಗ ಹೊರಗೆ. ಬಂದೋಬಸ್ತಿಗೆ ಗೂಳಪ್ಪನೇ ಹೋಗಬೇಕಾಯಿತು. ಆಳುಗಳು ಪರದೆ ಹರಿದು ಒಳಗೆ ಹೋದರು. ರೇಷ್ಮಾಬಿ ಮುಖಕ್ಕೆ ಸೆರಗೊತ್ತಿಕೊಂಡು ಗೋಡೆಗೆ ತಿರುಗಿ ನಿಂತಳು. ನೆಲಕ್ಕೂ ತೊಲೆಗೂ ಬಿಗಿದಿದ್ದ ನಿಲುಮಗ್ಗವನ್ನು ಹಗ್ಗ ಕೊಯ್ದು, ಅರ್ಧ ನೇಯ್ದ ಜಮಖಾನ ಹಾಗೇ ಇದ್ದಂತೆ, ನಾಲ್ವರು ಹೊತ್ತು ತಂದು ಬೀದಿಯ ಗೋಡೆಗೆ ನಿಲ್ಲಿಸಿದರು. ತಲೆಮಾರುಗಳಿಂದ ಯಾರೂ ನೋಡದ್ದನ್ನು ಬೀದಿಯ ನಾಯಿಯೂ ನೋಡಿತು.

ಖೈರುನಬಿ ಅಳಲಿಲ್ಲ. ಹೊಸ್ತಿಲ ಮೇಲೆ ಕುಳಿತು ಜಮಖಾನವನ್ನೇ ನೋಡುತ್ತಿದ್ದಳು.

ಆಳುಗಳು ಬಂಡಿ ತರಲು ಹೋದಾಗ ಗೂಳಪ್ಪ ಮಗ್ಗದ ಹಿಂದಕ್ಕೆ ಬಂದ. ಇಳಿಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಕೆಂಪು ಒಡಲು, ಕರಿ ಅಂಚು. ದೂರದಿಂದ ದಾರ ಹಿಡಿದಂತೆ ನೆಟ್ಟಗಿದ್ದ ಅಂಚಿನ ಗೆರೆ ಹತ್ತಿರದಿಂದ ನೆಟ್ಟಗಿರಲಿಲ್ಲ. ಅಷ್ಟಷ್ಟು ದೂರಕ್ಕೆ ಕರಿಯ ಎಳೆಯೊಂದು ಕೆಂಪಿನೊಳಗೆ ಕಾಲು ಚಾಚಿತ್ತು. ಅವನು ಬೆರಳಿಟ್ಟು ಎಣಿಸಿದ. ನಾಲ್ಕು ಸಾಲು, ಒಂದು ಚಾಚು. ಮತ್ತೆ ನಾಲ್ಕು, ಮತ್ತೊಂದು.

“ಖೈರುನಬಿ, ಇದೇನು? ತಪ್ಪೇನು?”

ಅವಳು ಮುಖ ತಿರುಗಿಸಿದಳು.

“ಹೇಳವಾ. ನಿನ್ನ ಒಳ್ಳೇದಕ್ಕ ಕೇಳಾಕತ್ತೀನಿ.”

“ಹೇಳಬಾರದ್ರಿ ಅದನ್ನ. ನಮ್ಮತ್ತಿ ಆಣಿ ಹಾಕಿಸಿಕೊಂಡಾಳ.” ಆಮೇಲೆ ಬೀದಿಯಲ್ಲಿ ನಿಂತ ಮಗ್ಗವನ್ನೂ, ಅದನ್ನು ನೋಡುತ್ತ ನಿಂತ ಹತ್ತಾರು ಜನರನ್ನೂ ನೋಡಿ, ಇನ್ನು ಮುಚ್ಚುವುದೇನುಳಿಯಿತು ಎಂಬಂತೆ ಹೇಳಿದಳು. “ಎರಡು ಬಣ್ಣ ಕೂಡೋ ಕಡೆ ಸೀದಾ ಮ್ಯಾಲೆ ಹೊಂಟ್ರ ಒಂದಕ್ಕೊಂದು ಹಿಡಿಯಂಗಿಲ್ರಿ. ಸೀಳತೈತಿ. ಅದಕ್ಕ ನಾಕು ಸಾಲಿಗೊಮ್ಮಿ ಹಲ್ಲು ಕೊಡತೀವಿ.”

“ವಹಿಯಾಗಿನ ಅಕ್ಷರಕ್ಕೂ ಕೊಟ್ಟಿದ್ದೇನು?”

“ನಿಂತ ಗೆರಿಗೆಲ್ಲಾ ಕೊಟ್ಟೀನಿ. ಕೈಗೆ ಹತ್ತಿದ್ದು ಬಿಡತೈತೇನ್ರಿ?”

ಗೂಳಪ್ಪ ಕಿಸೆಯಿಂದ ಹಾಳೆ ತೆಗೆದ. ‘ಗ’ದ ಕಾಲಿನ ಮುಳ್ಳುಗಳನ್ನು ಎಣಿಸಿದ. ನಾಲ್ಕು ಚುಕ್ಕೆ, ಒಂದು ಚಾಚು. ಮತ್ತೆ ನಾಲ್ಕು. ಆಮೇಲೆ ನಂಬರಿನ ಪಟ್ಟಿ ಬಿಚ್ಚಿದ. ಕಡೆಯ ತನಕ ಬೆರಳಾಡಿಸಿ, ಮಡಚಿ ಇಟ್ಟುಕೊಂಡ. ಬಂಡಿ ತಂದವರಿಗೆ ಮಗ್ಗ ಮುಟ್ಟಿದವನ ಕೈ ಮುರಿಯುತ್ತೇನೆಂದು ಹೇಳಿ, ಖೈರುನಬಿಯನ್ನು ಕರೆದುಕೊಂಡು ಸಂಘಕ್ಕೆ ನಡೆದ.

ಪಂಢರಿನಾಥ ಐದರ ಬಸ್ಸಿಗೆಂದು ಯಂತ್ರವನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಶಂಕ್ರಪ್ಪ ಚಹಾ ಕುಡಿಯುತ್ತಿದ್ದ. ಹೊಳೆಪ್ಪ ಬಾಗಿಲಲ್ಲಿ ನಿಂತಿದ್ದ. ಗೂಳಪ್ಪ ಬಾಗಿಲು ಮುಂದೆ ಮಾಡಿ ಹಾಳೆಯನ್ನು ಮೇಜಿನ ಮೇಲೆ ಹರವಿದ.

“ಇಂಜಿನೇರ್ರ, ಪಿನ್ನು ಸವದೈತಿ ಅಂದ್ರಿ. ಸವದ ಪಿನ್ನು ಹಾಳಿತುಂಬ ಒಂದ ಜಾಗಾದಾಗ ಗೀರು ಬಿಡತೈತಿ. ಇಲ್ಲಿ ನಿಂತ ಗೆರಿಗೆ ಮಾತ್ರ ಐತಿ. ಅದೂ ನಾಕಕ್ಕೊಮ್ಮಿ. ಯಾಕ?”

ಪಂಢರಿನಾಥ ಹಾಳೆ ನೋಡಿದ. “ನನಗ ತಿಳೀವಲ್ದು. ಅಕ್ಷರಾ ಚಂದ ಕಾಣಲಿ ಅಂತ...”

“ನೇಯೋವರು ಕೊಡೋ ಹಲ್ಲು ಅದು. ಎರಡು ಬಣ್ಣ ಸೀಳಬಾರದು ಅಂತ. ಅರಿವಿ ಸೀಳತೈತಿ. ಕಾಗದದ ಮ್ಯಾಲಿನ ಚುಕ್ಕಿ ಎಲ್ಲಿ ಸೀಳತೈತ್ರಿ? ಹೊಸದಾಗಿ ಅಕ್ಷರಾ ಮಾಡಿದಾವ ಇದನ್ನ ಯಾಕ ಇಡತಾನ?”

ಶಂಕ್ರಪ್ಪ ಚಹಾದ ಬಸಿ ಕೆಳಗಿಟ್ಟ.

“ನಾಕು ತಿಂಗಳು ನೋಡೇನ್ರಿ ಆ ಅಕ್ಷರಾ,” ಎಂದ ಪಂಢರಿನಾಥ. “ನೆನಪಿನಿಂದ ತಗದೆ. ಹಲ್ಲೂ ನೆನಪಿನೊಳಗ ಬಂದಿರಬೇಕು. ಅದು ಕಳವಾಗ್ತದೇನು?”

“ಆಗಂಗಿಲ್ಲ. ಅದಕ್ಕ ಎರಡನೇ ಮಾತು ಕೇಳತೀನಿ. ಶನಿವಾರ ಸಂಜೀ ಹಾಳಿ ನೀವು ನೋಡಿಲ್ಲ ಅಂದ್ರಿ. ಹೌದಲ್ಲ?”

“ಹೌದ್ರಿ.”

“ಙ, ಞ ಎರಡನ್ನೂ ಎಲ್ಲಿ ಕುಂಡ್ರಿಸಿದ್ರಿ?”

“ಸ್ವರದ ಪಂಕ್ತಿಯೊಳಗ. ಅಲ್ಲಿ ಎಲಿ ಖಾಲಿ ಇದ್ದವು. ಯಾರಿಗರೆ ಹೊಳೀತದ ಅದು.”

“ಹೊಳೀಲಿ. ಸ್ವರಾ ಹದಿನಾರನೇ ಎಲಿಗೆ ಮುಗೀತಾವು ಅಂತ ನಿಮ್ಮ ಪಟ್ಟಿ ಹೇಳತೈತಿ. ಬಂದ ಇಬ್ಬರನ್ನ ಹದಿನೇಳಕ್ಕ, ಹದಿನೆಂಟಕ್ಕ ಕುಂಡ್ರಿಸಬೇಕಿತ್ತು. ನಾನಾದ್ರೂ ಹಾಂಗ ಮಾಡತಿದ್ದೆ. ನೀವು ಮೂವತ್ತೊಂದಕ್ಕ, ಮೂವತ್ತೆರಡಕ್ಕ ಕುಂಡ್ರಿಸೀರಿ. ನಡೂ ಹದಿನಾಕು ಎಲಿ ಖಾಲಿ ಬಿಟ್ಟು. ಯಾಕ್ರಿ?”

ಪಂಢರಿನಾಥ ಪೆಟ್ಟಿಗೆಯ ಮೇಲಿನ ಕೈ ತೆಗೆದ.

“ಯಾಕಂದ್ರ ಆ ಹಾಳಿ ನಿಮ್ಮ ಕಣ್ಣ ಮುಂದ ಇತ್ತು. ಅಲ್ಲಿ ಹಾಂಗ ಇತ್ತು, ನೀವು ಹಾಂಗ ಇಳಿಸಿಕೊಂಡ್ರಿ. ಅಂಚು ಮೊದಲ ಕಟ್ಟೋ ಕೈ ಅದು, ಆಕೀದು.” ಗೂಳಪ್ಪ ಸ್ಟೂಲು ಎಳೆದುಕೊಂಡು ಕುಳಿತ. “ಕಳವಾದ ಮ್ಯಾಲ ನೀವು ಕೂಗಿದ್ರಿ ಅಂತ ತಿಳಕೊಂಡಿದ್ದೆ. ತಪ್ಪಾತು. ಹೊಳೆಪ್ಪ ಅಂಗಳದಾಗ ಇದ್ದ. ಕಪಾಟ ತಗದ್ರಿ, ವಹಿ ಚೀಲಕ್ಕ ಹಾಕಿದ್ರಿ, ಗಂಟಿಗೆ ರಟ್ಟು ಕಟ್ಟಿದ್ರಿ, ಆಮ್ಯಾಲ ಕೂಗಿದ್ರಿ. ನಾ ಇಲ್ಲೇ ಕುಂತು ನಿಮ್ಮನ್ನ ಕೇಳೋ ಮುಂದ ವಹಿ ನಿಮ್ಮ ತೊಡೀ ಮ್ಯಾಲಿತ್ತು. ನಾ ಎಲ್ಲಾರ ಮೂಟಿ ಬಿಚ್ಚಿಸಿದೆ, ಆ ಚೀಲ ಬಿಚ್ಚಿಸಲಿಲ್ಲ. ಫಿರ್ಯಾದು ಕೊಡೋವನ ಚೀಲಾ ಯಾರು ನೋಡತಾರ?”

ಪಂಢರಿನಾಥ ನೆಲ ನೋಡುತ್ತ ಮಾತಾಡಿದ. ಅಕ್ಷರಗಳನ್ನು ತಾನೇ ಮಾಡುತ್ತಿದ್ದೇನೆಂದು ಕಂಪನಿಗೆ ಮೊದಲ ತಿಂಗಳೇ ಬರೆದುಬಿಟ್ಟಿದ್ದ. ಹಾಳೆ ಹಾಳೆಯ ಮೂಲೆಯಲ್ಲಿ ಅವಳ ಗುರುತು. ಸಾಹೇಬರು ವಹಿ ನೋಡಿದರೆ ಇದು ಯಾರದೆಂದು ಕೇಳದೆ ಬಿಡುತ್ತಿರಲಿಲ್ಲ. ಅವಳ ಮೇಲೆ ಸಂಶಯ ಬರಲೆಂದು ತಾನು ಬಯಸಿರಲಿಲ್ಲ ಎಂದ. ಬಂದಾಗ ಬಾಯಿ ಬಿಡಲಿಲ್ಲ, ಅಷ್ಟೇ.

“ವಹಿ ಎಲ್ಲೈತಿ?”

“ಬುಧವಾರ ಇಳಿಸಿಕೊಂಡಿದ್ದು ಮುಗೀತು. ಬಚ್ಚಲ ಒಲಿಗೆ ಹಾಕಿದೆ.”

ಖೈರುನಬಿ ಗೋಡೆಗೆ ಕೈ ಊರಿದಳು.

ಗೂಳಪ್ಪ ಕಾಗದ ಪೆನ್ನು ತೆಗೆದ. ಅಷ್ಟರಲ್ಲಿ ಶಂಕ್ರಪ್ಪ ಫೋನಿಗೆ ಕೈ ಹಾಕಿದ್ದ. ಫೌಜದಾರನ ಜೊತೆ ಅವನು ಆಡಿದ್ದು ಐದು ನಿಮಿಷ. ಆಮೇಲೆ ಫೋನನ್ನು ಗೂಳಪ್ಪನತ್ತ ಚಾಚಿದ. ಆ ಕಡೆಯ ದನಿ ಬೇಸರದಲ್ಲಿತ್ತು. ವಹಿಯ ಕಾಗದ ಯಾರದು? ಕಂಪನಿಯದು. ಒಯ್ದವನು ಯಾರು? ಕಂಪನಿಯವನು. ಕಳವು ಎಲ್ಲಿಂದ ಬಂತು? ಫಿರ್ಯಾದಿ ತನ್ನ ಫಿರ್ಯಾದು ವಾಪಸು ತಗೊಳ್ಳಲಿ, ನೀ ಮುಗಿಸು.

“ಸುಳ್ಳು ಫಿರ್ಯಾದು ಕೊಟ್ಟಾನ್ರಿ, ಸಾಹೇಬ್ರ. ಆ ಹೆಂಗಸಿನ ಮಗ್ಗ ಬೀದಿಗೆ ಬಂದೈತಿ.”

“ಮಗ್ಗ ಒಳಗ ಇಡಸು. ನಿನಗ ಇನ್ನ ಎರಡು ವರ್ಷ ನೌಕರಿ ಐತಿ, ಗೂಳಪ್ಪ.”

ಆ ಕಡೆ ಫೋನು ಇಟ್ಟ ಸಪ್ಪಳವಾಯಿತು. ಶಂಕ್ರಪ್ಪ ಗಂಟಲು ಸರಿಮಾಡಿಕೊಂಡು ಖೈರುನಬಿಯ ಕಡೆ ತಿರುಗಿದ. ಮಗ್ಗ ಅವಳದೇ, ಇನ್ನು ಯಾರೂ ಮುಟ್ಟುವುದಿಲ್ಲ. ಆದರೆ ಈ ಮಾತು ಕಂಪನಿಯ ಕಿವಿಗೆ ಬಿದ್ದರೆ ಊರಿಗೆ ಬರುವ ಕಂಪ್ಯೂಟರು ಅಲ್ಲೇ ನಿಲ್ಲುತ್ತದೆ. ಸಂಘದ ಮಾನವೂ ಹೋಗುತ್ತದೆ. ಹೆಸರಿನ ಮಾತು ಇಲ್ಲಿಗೆ ಬಿಡಲಿ.

ಗೂಳಪ್ಪ ಬರೆದ. ವಹಿ ಕಳವಾಗಿಲ್ಲ, ತನ್ನಲ್ಲೇ ಇತ್ತೆಂದು ಫಿರ್ಯಾದಿ ಹೇಳಿಕೆ ಕೊಟ್ಟಿದ್ದಾನೆ, ಪ್ರಕರಣ ಮುಗಿದಿದೆ. ಎರಡೇ ಸಾಲು. ಪಂಢರಿನಾಥ ಸಹಿ ಮಾಡಿದ. ಅವನ ಸಹಿಯ ಅಕ್ಷರಗಳು ದುಂಡಗೆ ಚೆಂದವಾಗಿದ್ದವು.

“ನಾ ತಗದದ್ದು ಅಂತ ಎಲ್ಲೆರೆ ಬರದೀರೇನ್ರಿ?” ಎಂದು ಖೈರುನಬಿ ಕೇಳಿದಳು.

“ಇಲ್ಲವಾ. ಪ್ರಕರಣ ಇಲ್ಲಂದ ಮ್ಯಾಲ ಬರಿಯಾಕ ಜಾಗಾ ಇಲ್ಲ.”

ಅವಳು ತಲೆಯಾಡಿಸಿದಳು.

ಬಸ್ಸಿನ ಹಾರ್ನು ಕೇಳಿತು. ಹೊಳೆಪ್ಪ ಪೆಟ್ಟಿಗೆ ಹೊತ್ತು ಮುಂದೆ ನಡೆದ. ಪಂಢರಿನಾಥ ಹೊಸ್ತಿಲು ದಾಟಿದವನು ತಿರುಗಿ ಬಂದು ಅವಳೆದುರು ನಿಂತ. ಕಣ್ಣು ತುಂಬಿದ್ದವು.

“ಆಪಾ, ನೌಕರಿ ಒಂದು ಕಾಯಂ ಆಗಲಿ. ನಿಮ್ಮ ಋಣಾ ತೀರಸ್ತೇನಿ. ಹ್ಯಾಂಗರೆ ಮಾಡಿ ತೀರಸ್ತೇನಿ.”

“ಬ್ಯಾಡ, ತಮ್ಮಾ.”

“ಯಾಕ?”

“ತೀರಿಸಿದ್ರ ನಿನಗ ಹಗರಾಗತೈತಿ.” ಅವಳು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು. “ಇರಲಿ. ನಿನ್ನ ಮ್ಯಾಲೇ ಇರಲಿ.”